ಯಾವ ಊರಿನ ಸ್ಥಳೀಕರಣ ಸ್ವಾಮಿ?



ನಾಳೆ ಬಂದೇ ಬರುತ್ತೇನೆ ಎಂದು ಊರಿಗೆಲ್ಲ ಸಾರಿದ ನೆಂಟ, ಇವತ್ತು ‘ಇನ್ನು ಕೆಲವು ವಾರ ಬಿಟ್ಟು ಬರುತ್ತೇನೆ’ ಎಂದು ಹೇಳಿ ಕಳಿಸಿದರೆ ಮನೆಯವರಿಗೆ ಹೇಗಾಗಬೇಡ? 2023ರ ಸೆಪ್ಟೆಂಬರ್ 4ರಂದು ನಮ್ಮ ಹುಡುಗರಿಗೆ ಆದದ್ದು ಹಾಗೆಯೇ. ಫ್ರೀ ಫೈರ್ ಎಂಬ ಮೊಬೈಲ್ ಆಟ ‘ಫ್ರೀ ಫೈರ್ ಇಂಡಿಯಾ’ ಎಂಬ ಹೊಸ ಹೆಸರಿನಲ್ಲಿ ಮರುದಿನ ಬರಬೇಕಿತ್ತು. ಮಹೇಂದ್ರ ಸಿಂಗ್ ಧೋನಿಯವರನ್ನು ಮುಂದಿಟ್ಟುಕೊಂಡು ಡಂಗುರ ಹೊಡೆದಾಗಿತ್ತು. ಹಿಂದಿನ ದಿನ ಗರೀನಾ ಕಂಪನಿ ಪ್ರಕಟಣೆ ಹೊರಡಿಸಿತು: ಬಿಡುಗಡೆ ಕೆಲವು ವಾರ ಮುಂದಕ್ಕೆ. ವಾರಗಳು ತಿಂಗಳಾದವು. 2023 ಮುಗಿಯಿತು. 2024 ಕೂಡ ಮುಗಿಯಿತು. ನೆಂಟ ಬರಲಿಲ್ಲ.

ಕನ್ನಡದ ಪತ್ರಿಕೆಗೆ ಈ ಬಂದೂಕಿನ ಆಟದ ಉಸಾಬರಿ ಏಕೆ ಎಂದು ಹಿರಿಯರು ಹುಬ್ಬು ಗಂಟಿಕ್ಕಬೇಡಿ. ಆ ಪ್ರಕಟಣೆಯಲ್ಲಿ ತಡಕ್ಕೆ ಎರಡು ಕಾರಣ ಕೊಟ್ಟಿದ್ದರು. ಒಂದು, ಆಟವನ್ನು ಇನ್ನಷ್ಟು ತಿದ್ದಬೇಕು. ಇನ್ನೊಂದು, ‘ಲೋಕಲೈಸೇಶನ್’ ಪೂರ್ತಿಯಾಗಬೇಕು. ಅಂದರೆ ಸ್ಥಳೀಕರಣ, ಆಟವನ್ನು ಇಲ್ಲಿಯ ಜನಕ್ಕೆ ಒಗ್ಗಿಸುವುದು. ಎಷ್ಟು ಚೆಂದದ ಮಾತು ನೋಡಿ! ಗೋಕಾಕ್ ಚಳವಳಿಯ ಕಾಲದಿಂದ ಕನ್ನಡಿಗರು ಬೀದಿಯಲ್ಲಿ ನಿಂತು ಕೂಗುತ್ತಿರುವುದೂ ಇದನ್ನೇ ಅಲ್ಲವೇ? ಆದರೆ ಆ ಪ್ರಕಟಣೆಯಲ್ಲಿ ಒಂದೇ ಒಂದು ಭಾಷೆಯ ಹೆಸರಿರಲಿಲ್ಲ. ಸ್ಥಳ ಎಂದರೆ ಯಾವ ಸ್ಥಳ? ದೆಹಲಿಯೋ, ಮುಂಬಯಿಯೋ, ನಮ್ಮ ದಾವಣಗೆರೆಯೋ?

ಹುಡುಗರು ಸಿಟ್ಟಾದರು. ಆಗದೆ ಇರುತ್ತಾರೆಯೇ? 2022ರ ಫೆಬ್ರವರಿ 14ರಂದು ಕೇಂದ್ರ ಸರ್ಕಾರ 54 ಆ್ಯಪ್‌ಗಳನ್ನು ನಿಷೇಧಿಸಿದಾಗ ಈ ಆಟವೂ ಅದರಲ್ಲಿ ಹೋಗಿತ್ತು. ಅದರ ಅಣ್ಣ ಫ್ರೀ ಫೈರ್ ಮ್ಯಾಕ್ಸ್ ಉಳಿದುಕೊಂಡಿತು. ಆದರೆ ಮ್ಯಾಕ್ಸ್ ಸಲೀಸಾಗಿ ಓಡಬೇಕಾದರೆ ಹೆಚ್ಚು ತಾಕತ್ತಿನ ಫೋನು ಬೇಕು. ಹಳೆಯ ಫ್ರೀ ಫೈರ್ ಜನಪ್ರಿಯವಾದದ್ದೇ ಬಡವರ ಮನೆಯ ಅಗ್ಗದ ಫೋನಿನಲ್ಲೂ ಓಡುತ್ತದೆ ಎಂಬ ಕಾರಣಕ್ಕೆ. ಅಪ್ಪನ ಹಳೆಯ ಫೋನಿನಲ್ಲಿ ಆಡುವ ಹುಡುಗ ಒಂದೂವರೆ ವರ್ಷ ಕಾದಿದ್ದ. ಕಂಪನಿಯನ್ನು ಮೊದಲು ಬೈದ, ಆಮೇಲೆ ಗೇಲಿ ಮಾಡಿದ, ಕೊನೆಗೆ ಬೇರೆ ಆಟ ಹುಡುಕಿಕೊಂಡ. ಎಂದು ಬರುತ್ತೀರಿ ಎಂದು ಕೇಳಿದ. ಏಕೆ ತಡ ಎಂದು ಕೇಳಿದ. ಯಾವ ಭಾಷೆಯಲ್ಲಿ ಬರುತ್ತೀರಿ ಎಂದು ಕೇಳಿದ ಕನ್ನಡದ ದನಿ ಮಾತ್ರ ಆ ಗದ್ದಲದಲ್ಲಿ ನಮ್ಮ ಕಿವಿಗೆ ಬೀಳಲಿಲ್ಲ.

ಈ ಪತ್ರಿಕೆಗೆ ಸಂಕಟವಾಗಿರುವುದು ಅಲ್ಲಿ.

ಇದೇ ಕಂಪನಿ ಬೇರೆ ನಾಡುಗಳಲ್ಲಿ ಏನು ಮಾಡಿದೆ ನೋಡಿ. ಬ್ರೆಜಿಲ್ ಜನರಿಗಾಗಿ ಅಲ್ಲಿಯ ಸಂಗೀತಗಾರ ಅಲೋಕ್‌ನನ್ನೇ ಆಟದ ಪಾತ್ರ ಮಾಡಿತು. ಇಂಡೋನೇಷ್ಯಾಕ್ಕೆ ಅಲ್ಲಿಯ ನಟ ಜೋ ತಸ್ಲಿಮ್. ಭಾರತಕ್ಕೆ? 2020ರಲ್ಲಿ ಹೃತಿಕ್ ರೋಷನ್, ಪಾತ್ರದ ಹೆಸರು ಜೈ. ಭಾರತ ಎಂದರೆ ಮುಂಬಯಿಯ ಸ್ಟುಡಿಯೋ ಎಂಬ ಲೆಕ್ಕ ಸಿಂಗಪುರದವರಿಗೆ ಯಾರು ಹೇಳಿಕೊಟ್ಟರು? ನಮ್ಮವರೇ ಹೇಳಿಕೊಟ್ಟರು. ಅಲ್ಲ ಎಂದು ಹೇಳಬೇಕಾದವರು ಸುಮ್ಮನಿದ್ದರು, ಅಷ್ಟೇ.

2023ರಲ್ಲಿ ಧೋನಿಯವರನ್ನು ಆಟದೊಳಗೆ ತರುತ್ತೇವೆ ಎಂದಾಗ ಆ ಪಾತ್ರಕ್ಕೆ ಇಟ್ಟ ಹೆಸರೇನು ಗೊತ್ತೇ? ‘ತಲಾ’. ಅಪ್ಪಟ ತಮಿಳು ಮಾತು. ಧೋನಿ ರಾಂಚಿಯವರು, ಕಂಪನಿ ಸಿಂಗಪುರದ್ದು, ಹೆಸರು ಮಾತ್ರ ಚೆನ್ನೈ ಮೈದಾನದ್ದು. ತಮಿಳರು ಅರ್ಜಿ ಹಾಕಿಕೊಂಡು ಇದನ್ನು ಪಡೆದರೇ? ಇಲ್ಲ. ಸಾವಿರಾರು ಗಂಟಲು ವರ್ಷಗಟ್ಟಲೆ ಒಂದೇ ಮಾತನ್ನು ಕೂಗಿತು, ವ್ಯಾಪಾರಿ ಅದನ್ನು ಎತ್ತಿಕೊಂಡ. ಇದನ್ನು ನೋಡಿ ಹೊಟ್ಟೆಕಿಚ್ಚು ಪಡಬೇಕಿಲ್ಲ, ಪಾಠ ಕಲಿತರೆ ಸಾಕು. ಅದೇ ಪ್ರಚಾರದಲ್ಲಿ ಸುನಿಲ್ ಚೆಟ್ರಿಯವರೂ ಇದ್ದರು. ವರ್ಷಗಟ್ಟಲೆ ಬೆಂಗಳೂರಿನ ಫುಟ್‌ಬಾಲ್ ತಂಡದ ನಾಯಕರಾಗಿ ಕಂಠೀರವ ಕ್ರೀಡಾಂಗಣದಲ್ಲಿ ಆಡಿದವರು. ಆ ಬೆಂಗಳೂರಿನ ಒಂದು ಮಾತು, ಒಂದು ಕೂಗು ಆಟದ ಪ್ರಚಾರಕ್ಕೆ ಹತ್ತಲಿಲ್ಲ.

ಭಾಷೆ ಇಲ್ಲದಿದ್ದರೇನು, ಗುಂಡು ಹೊಡೆಯುವುದಕ್ಕೆ ಕನ್ನಡ ಏಕೆ ಎಂದು ಕೆಲವರು ಹಲ್ಲು ಕಿರಿಯುತ್ತಾರೆ. ಈ ಮಹಾಶಯರು ಒಮ್ಮೆ ಹುಡುಗರ ಪಕ್ಕ ಕೂತು ನೋಡಬೇಕು. ನಾಲ್ಕು ಜನ ಒಂದು ತಂಡ. ಗುರುತು ಪರಿಚಯವಿಲ್ಲದವರನ್ನು ಆಟವೇ ಜೊತೆ ಹಾಕುತ್ತದೆ. ಆಟದುದ್ದಕ್ಕೂ ಮೈಕಿನಲ್ಲಿ ಮಾತು: ಎಡಕ್ಕೆ ಬಾ, ಮನೆಯೊಳಗೆ ಒಬ್ಬನಿದ್ದಾನೆ, ನನ್ನನ್ನು ಎತ್ತು. ಆ ಮಾತು ಹಿಂದಿಯಲ್ಲಿ ನಡೆಯುತ್ತದೆ. ಕೊಪ್ಪಳದ ಹುಡುಗನಿಗೆ ಆಟ ಬರುತ್ತದೆ, ಗುರಿ ಬರುತ್ತದೆ, ಮಾತು ಬರುವುದಿಲ್ಲ. ಮೊದಲ ತಿಂಗಳು ಮೈಕು ಮುಚ್ಚಿಕೊಂಡು ಆಡುತ್ತಾನೆ. ಎರಡನೇ ತಿಂಗಳು ಹರಕು ಮುರುಕು ಹಿಂದಿ ಕಲಿಯುತ್ತಾನೆ. ಮೂರನೇ ತಿಂಗಳು, ಪಕ್ಕದಲ್ಲಿ ಕೂತ ತಮ್ಮನ ಜೊತೆಗೂ ಆಟದ ಮಾತನ್ನು ಹಿಂದಿಯಲ್ಲೇ ಆಡುತ್ತಾನೆ. ಹಿಂದಿ ಕಲಿತದ್ದು ಪಾಪವಲ್ಲ. ಕನ್ನಡದವನ ಜೊತೆ ಕನ್ನಡದಲ್ಲಿ ಆಡುವ ದಾರಿಯೇ ಅವನಿಗೆ ತೋರಲಿಲ್ಲವಲ್ಲ, ಅದು ಅನ್ಯಾಯ.

ನಲವತ್ತು ದಾಟಿದವರಿಗೆ ಇದು ಹೊಸದಲ್ಲ. 1987ರಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ರಾಮಾಯಣ ಬರುತ್ತಿತ್ತು. ಊರಿಗೊಂದೋ ಎರಡೋ ಟೀವಿ. ಜಗಲಿ ತುಂಬ ಜನ. ಕುಮಾರವ್ಯಾಸನನ್ನು ಓದಿಸಿ ಅರ್ಥ ಹೇಳುತ್ತಿದ್ದ ಹಳ್ಳಿಯಲ್ಲಿ ಅರ್ಥವಾಗದ ಹಿಂದಿಯನ್ನು ಕೈಮುಗಿದುಕೊಂಡು ನೋಡಿದರು. ಆಮೇಲೆ ಮಕ್ಕಳ ಕಾರ್ಟೂನು ಬಂತು, ಅದೂ ಹಿಂದಿಯಲ್ಲಿ, ಇಲ್ಲವೇ ತೆಲುಗು ತಮಿಳಿನಲ್ಲಿ. ಡಬ್ಬಿಂಗ್ ಬೇಕೋ ಬೇಡವೋ ಎಂದು ನಮ್ಮ ನಮ್ಮಲ್ಲೇ ದಶಕಗಟ್ಟಲೆ ಜಗಳವಾಡುತ್ತಾ ಕೂತೆವು. ಕನ್ನಡದಲ್ಲಿ ಮಕ್ಕಳಿಗಾಗಿಯೇ ಚಿಂಟು ಟೀವಿ ಬಂದದ್ದು 2009ರಲ್ಲಿ. ಅಷ್ಟರಲ್ಲಿ ಒಂದು ಪೀಳಿಗೆ ಮೀಸೆ ತಿರುವುತ್ತಿತ್ತು. ಡಬ್ಬಿಂಗಿನ ವಿಚಾರದಲ್ಲಿ ಯಾರು ಸರಿ ಯಾರು ತಪ್ಪು ಎಂಬ ಹಳೆಯ ಗಾಯವನ್ನು ಇಲ್ಲಿ ಕೆದಕುವುದಿಲ್ಲ. ಆದರೆ ಮಕ್ಕಳು ಎಲ್ಲಿ ಕೂತಿದ್ದಾರೋ ಅಲ್ಲಿಗೆ ಕನ್ನಡ ಹೋಗದಿದ್ದರೆ ಮಕ್ಕಳೇನೂ ಎದ್ದು ಬರುವುದಿಲ್ಲ ಎಂಬುದಂತೂ ಆಗ ಸಾಬೀತಾಯಿತು. ಇವತ್ತು ಅವರು ಕೂತಿರುವುದು ಟೀವಿಯ ಮುಂದಲ್ಲ, ಮೊಬೈಲಿನೊಳಗೆ.

ಕಂಪನಿಗಳಿಗೆ ಇದೆಲ್ಲ ಮಾಡುವುದು ಕಷ್ಟ ಎಂಬ ರಾಗ ಒಂದಿದೆ. ಎಷ್ಟು ಕಷ್ಟ ನೋಡೋಣ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ನಿಷೇಧವಾಯಿತು. ಕೊರಿಯಾದ ಕ್ರಾಫ್ಟನ್ ಕಂಪನಿ ಅದನ್ನೇ ತಿದ್ದಿ 2021ರ ಜುಲೈನಲ್ಲಿ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂದು ಬಿಟ್ಟಿತು. ಏನು ತಿದ್ದಿದರು? ಗುಂಡು ತಗುಲಿದಾಗ ಚಿಮ್ಮುವ ರಕ್ತ ಹಸಿರಾಯಿತು. ‘ಕೊಂದ’ ಎಂಬ ಮಾತು ಹೋಗಿ ‘ಮುಗಿಸಿದ’ ಎಂಬ ಮಾತು ಬಂತು. ಆಮೇಲೆ 2022ರ ಜುಲೈ 28ರಂದು ಅದನ್ನೂ ಅಂಗಡಿಯಿಂದ ತೆಗೆಸಿದರು. ಹತ್ತು ತಿಂಗಳು ಹುಡುಗರು ಕಾದರು. 2023ರ ಮೇ ತಿಂಗಳಲ್ಲಿ ಮೂರು ತಿಂಗಳ ಪರೀಕ್ಷೆಯ ಷರತ್ತಿನ ಮೇಲೆ ಮರಳಿ ಬಂದಾಗ ಹದಿನೆಂಟರ ಒಳಗಿನವರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆ ಎಂಬ ಮಿತಿ ಹಾಕಿಕೊಂಡು ಬಂತು.

ಗಮನಿಸಿದಿರಾ? ಸರ್ಕಾರ ಕಣ್ಣು ಕೆಂಪು ಮಾಡಿದರೆ ಇವರು ರಕ್ತದ ಬಣ್ಣವನ್ನೇ ಬದಲಿಸಬಲ್ಲರು. ಆಟದೊಳಗಿನ ಮಾತನ್ನೂ ಬದಲಿಸಬಲ್ಲರು. ಗಡಿಯಾರವನ್ನೂ ಕಟ್ಟಬಲ್ಲರು. ಕನ್ನಡ ಸೇರಿಸಿ ಎಂದಾಗ ಮಾತ್ರ ತಾಂತ್ರಿಕ ತೊಂದರೆ!

ತಾಂತ್ರಿಕ ತೊಂದರೆ ಪೂರ್ತಿ ಸುಳ್ಳಲ್ಲ, ಅದನ್ನೂ ಹೇಳಿಬಿಡುತ್ತೇವೆ. ಗೊತ್ತಿಲ್ಲದೆ ಕೂಗುವವರು ಎನ್ನಿಸಿಕೊಳ್ಳುವುದು ಬೇಡ. ಬಹಳಷ್ಟು ಮೊಬೈಲ್ ಆಟಗಳು, ಫ್ರೀ ಫೈರ್ ಕೂಡ, ಯೂನಿಟಿ ಎಂಬ ತಂತ್ರಾಂಶದ ಮೇಲೆ ನಿಂತಿವೆ. ಅದರಲ್ಲಿ ಬಹುಕಾಲ ಬಳಕೆಯಲ್ಲಿದ್ದ ಅಕ್ಷರ ಮೂಡಿಸುವ ಸಲಕರಣೆಗೆ ಇಂಗ್ಲಿಷಿನಂತೆ ಒಂದರ ಪಕ್ಕ ಒಂದು ಅಕ್ಷರ ಜೋಡಿಸುವುದು ಗೊತ್ತು, ನಮ್ಮ ಒತ್ತಕ್ಷರ ಗೊತ್ತಿಲ್ಲ. ‘ಶಸ್ತ್ರ’ ಎಂದು ಬರೆದರೆ ಸಕಾರ ಒಂದು ಕಡೆ, ತಕಾರ ಒಂದು ಕಡೆ ಚೆಲ್ಲಾಪಿಲ್ಲಿ. ನಮ್ಮ ಒತ್ತು ಅಕ್ಷರದ ಕೆಳಗೆ ಇಳಿಯುವುದರಿಂದ ಗುಂಡಿಯ ಅಳತೆ ಸಾಲದೆ ಬುಡ ಕತ್ತರಿಸಿ ಹೋಗುತ್ತದೆ. ಇಂಗ್ಲಿಷಿನ ನಾಲ್ಕಕ್ಷರದ ಮಾತಿಗೆ ಕನ್ನಡದಲ್ಲಿ ಉದ್ದದ ಪದ ಬಂದರೆ ಚೌಕದ ಹೊರಗೆ ಚಾಚುತ್ತದೆ. ಇದನ್ನೆಲ್ಲ ಕೂತು ಒಂದೊಂದೇ ಪರದೆ ನೋಡಿ ಸರಿಪಡಿಸಬೇಕು. ದನಿ ಕೊಡುವ ಕಲಾವಿದರು ಬೇಕು, ಮಾತು ತಿದ್ದುವ ಕನ್ನಡ ಬಲ್ಲವರು ಬೇಕು. ಸಮಯ ಹಿಡಿಯುತ್ತದೆ, ಒಪ್ಪೋಣ.

ಆದರೆ ಇದಕ್ಕೆ ಪರಿಹಾರ ಇಲ್ಲದೆ ಇಲ್ಲ. ಒತ್ತಕ್ಷರ ಕೂಡಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶ ಬಿಟ್ಟಿ ಸಿಗುತ್ತದೆ. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡದ ಸಂದೇಶ ಸರಿಯಾಗಿ ಮೂಡುವುದು ಅದರ ದಯೆಯಿಂದಲೇ. ಕಂಪ್ಯೂಟರಿನಲ್ಲಿ ಕನ್ನಡ ಆಗದು ಎಂದು ಕಚೇರಿಗಳಲ್ಲಿ ಷರಾ ಬರೆಯುತ್ತಿದ್ದ ಕಾಲದಲ್ಲೇ, 1998ರಲ್ಲಿ, ಶೇಷಾದ್ರಿ ವಾಸು ಅವರ ‘ಬರಹ’ ಬಂತು. ಕ್ರಿಕೆಟ್ ವೀಕ್ಷಕ ವಿವರಣೆಗೆ ಕನ್ನಡ ಒಗ್ಗದು ಎಂದು ಮೂಗು ಮುರಿದವರಿದ್ದರು. 2023ರಲ್ಲಿ ಜಿಯೋ ಸಿನಿಮಾ ಐಪಿಎಲ್ ಪಂದ್ಯಗಳನ್ನು 12 ಭಾಷೆಗಳಲ್ಲಿ ತೋರಿಸಿತು, ಕನ್ನಡವೂ ಅದರಲ್ಲಿತ್ತು, ಭೋಜಪುರಿಯೂ ಇತ್ತು. ಕನ್ನಡಕ್ಕೆ ತಡವಾಗುತ್ತದೆ ಎಂದರೆ ಕಾಯೋಣ. ಕನ್ನಡವೇ ಇಲ್ಲದ ಆಟಕ್ಕೆ ಏಕೆ ಕಾಯಬೇಕು?

ಹೊರದೇಶದವರ ಮಾತಾಯಿತು. ನಮ್ಮೂರಿನವರ ಕತೆ ಕೇಳಿ. ಪಬ್‌ಜಿ ನಿಷೇಧವಾದ ಎರಡೇ ದಿನಕ್ಕೆ, 2020ರ ಸೆಪ್ಟೆಂಬರ್ 4ರಂದು, ‘ಫೌಜಿ’ ಎಂಬ ಸ್ವದೇಶಿ ಆಟ ಬರುತ್ತದೆ ಎಂದು ಅಕ್ಷಯ್ ಕುಮಾರ್ ಸಾರಿದರು. ತಯಾರಿಸಿದ್ದು ಎನ್‌ಕೋರ್ ಗೇಮ್ಸ್, ಬೆಂಗಳೂರಿನ ಕಂಪನಿ. ಅಕ್ಟೋಬರ್ ಎಂದರು, ಆಗಲಿಲ್ಲ. ನವೆಂಬರ್ ಎಂದರು, ಅದೂ ಆಗಲಿಲ್ಲ. ಕೊನೆಗೆ 2021ರ ಜನವರಿ 26ರಂದು ಬಂತು. ಅದಕ್ಕೆ ಮೊದಲು ಬಿಟ್ಟ ಹಾಡು ಹಿಂದಿಯಲ್ಲಿತ್ತು. ಆಟ ಬೆಂಗಳೂರಿನದು, ಕಥೆ ಗಾಲ್ವಾನ್ ಕಣಿವೆಯದು, ಹಾಡು ಮುಂಬಯಿಯದು. ಇಲ್ಲಿಯ ನೀರು, ಇಲ್ಲಿಯ ಕರೆಂಟು, ಇಲ್ಲಿಯ ಹುಡುಗರ ದುಡಿಮೆ. ಡಂಗುರ ಮಾತ್ರ ಹಿಂದಿಯಲ್ಲಿ.

ಆದರೆ ಫೌಜಿಯ ಕತೆಯಲ್ಲಿ ನಮಗೆ ಬೇಕಾದದ್ದು ಇನ್ನೊಂದಿದೆ. ಆಟ ಬಂದ ಕೆಲವೇ ದಿನಗಳಲ್ಲಿ ಆಟಗಾರರು ತಿರುಗಿಬಿದ್ದರು. ಒಂದೇ ಬಗೆಯ ಗುದ್ದಾಟ, ಬಂದೂಕಿಲ್ಲ, ಗೆಳೆಯರ ಜೊತೆ ಆಡುವಂತಿಲ್ಲ ಎಂದು ಗೂಗಲ್ ಅಂಗಡಿಯಲ್ಲಿ ಒಂದೊಂದೇ ತಾರೆ ಕೊಟ್ಟು ಬರೆದರು. ಮೇಲೆ ಹೊಳೆಯುತ್ತಿದ್ದ ಅಂಕ ಜರ್ರನೆ ಇಳಿಯಿತು. ಕಂಪನಿ ಏನು ಮಾಡಿತು? ಅದೇ ವರ್ಷ ಜೂನ್‌ನಲ್ಲಿ ತಂಡ ಕಟ್ಟಿಕೊಂಡು ಆಡುವ ‘ಟೀಮ್ ಡೆತ್‌ಮ್ಯಾಚ್’ ಸೇರಿಸಿ ಪರೀಕ್ಷೆಗೆ ಬಿಟ್ಟಿತು. ಬೀದಿಯಲ್ಲಿ ಒಂದು ಟಯರು ಸುಡಲಿಲ್ಲ, ಒಂದು ಬಸ್ಸು ನಿಲ್ಲಿಸಲಿಲ್ಲ. ಹದಿನೈದು ಹದಿನಾರರ ಹುಡುಗರು ಕೂತಲ್ಲಿಂದಲೇ ಕಂಪನಿಯ ಕಿವಿ ಹಿಂಡಿದರು. ಹೋರಾಟಗಾರರು ಎಂದು ಎದೆಯುಬ್ಬಿಸುವ ನಮಗೆ ಆ ಹುಡುಗರಿಂದ ಕಲಿಯುವುದಕ್ಕೆ ನಾಚಿಕೆ ಏಕೆ?

ಇಲ್ಲಿ ತಾಯಂದಿರ ಪ್ರಶ್ನೆ ಬರುತ್ತದೆ. ಮಕ್ಕಳು ಆಟಕ್ಕೆ ಅಂಟಿ ಹಾಳಾಗುತ್ತಿದ್ದಾರೆ, ಅದನ್ನು ಕನ್ನಡದಲ್ಲಿ ಬೇರೆ ತಂದು ಕೊಡಬೇಕೇ ಎಂದು. ನ್ಯಾಯವಾದ ಪ್ರಶ್ನೆ, ತಳ್ಳಿಹಾಕುವುದಿಲ್ಲ. ಓದು ಬಿಟ್ಟು ರಾತ್ರಿ ಎರಡರವರೆಗೆ ಆಡುವ ಮಗನನ್ನು ಬೈಯಲೇಬೇಕು, ಹೊತ್ತಿನ ಮಿತಿ ಹಾಕಲೇಬೇಕು. ಆದರೆ ಕನ್ನಡ ಇಲ್ಲ ಎಂಬ ಕಾರಣಕ್ಕೆ ಯಾವ ಮಗ ಆಟ ಬಿಟ್ಟಿದ್ದಾನೆ ಹೇಳಿ. ತದ್ವಿರುದ್ಧವಾಗಿ, ಭಾಷೆ ಇಲ್ಲದ್ದರಿಂದ ಮೋಸ ಹೋಗುವವರು ಮನೆಯ ಹಿರಿಯರೇ. ಈ ಆಟ ಬಿಟ್ಟಿ, ಆದರೆ ಅದರೊಳಗಿನ ‘ಡೈಮಂಡ್’ ಬಿಟ್ಟಿಯಲ್ಲ. ಉಡುಪು, ಬಂದೂಕಿನ ಬಣ್ಣ, ಕುಣಿತ, ಎಲ್ಲಕ್ಕೂ ಡೈಮಂಡ್ ಬೇಕು, ಡೈಮಂಡ್‌ಗೆ ನಿಜವಾದ ರೂಪಾಯಿ ಬೇಕು. ಹಣ ಕಡಿತವಾಗುತ್ತದೆ, ಒಪ್ಪಿಗೆಯೇ ಎಂದು ಕೇಳುವ ಪರದೆ ಇಂಗ್ಲಿಷಿನಲ್ಲಿ ಬಂದರೆ ಗದಗದ ತಾಯಿ ಏನನ್ನು ಓದಿ ಬೇಡ ಎನ್ನಬೇಕು? ಮಗ ಒತ್ತು ಅಂದ, ಒತ್ತಿದಳು. ವಯಸ್ಸಿನ ಎಚ್ಚರಿಕೆ, ಹಣ ಮರಳಿ ಕೇಳುವ ದಾರಿ, ಹೊತ್ತಿನ ಮಿತಿ ಹಾಕುವ ವಿಧಾನ, ಇವೆಲ್ಲ ಮೊದಲು ಕನ್ನಡದಲ್ಲಿ ಬರಬೇಕಾದದ್ದು ಅವಳಿಗಾಗಿ.

ಹಣ ಪಣಕ್ಕಿಡುವ ಆಟಗಳನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನ ಹೊಸ ಕಾಯಿದೆಯಲ್ಲಿ ನಿಷೇಧಿಸಿದೆ. ನಾವು ಹೇಳುತ್ತಿರುವ ಆಟಗಳು ಆ ಜಾತಿಯವಲ್ಲ. ಅದೇ ಕಾಯಿದೆ ಇ-ಕ್ರೀಡೆಗೆ ಪ್ರೋತ್ಸಾಹ ಕೊಡುತ್ತೇನೆ ಎನ್ನುತ್ತದೆ. ಅಂದರೆ ಈ ಆಟಗಳು ಹೋಗುವುದಿಲ್ಲ, ಬೆಳೆಯುತ್ತವೆ.

ಇನ್ನು ನಮ್ಮ ವಿಧಾನಸೌಧ. ಅನಿಮೇಷನ್ ಮತ್ತು ಗೇಮಿಂಗಿಗೆಂದೇ ದೇಶದಲ್ಲಿ ಮೊದಲು ನೀತಿ ಮಾಡಿದ ರಾಜ್ಯ ನಮ್ಮದು, 2012ರಲ್ಲಿ. ಈಗಿನದು 2024ರಿಂದ 2029ರವರೆಗಿನ ನೀತಿ. 30,000 ಹೊಸ ಉದ್ಯೋಗ ಎಂದು ಅದರಲ್ಲಿ ಗುರಿ ಇಟ್ಟಿದ್ದಾರೆ. ಸಂತೋಷ. ಅದರಲ್ಲಿ ಕನ್ನಡ ಬಲ್ಲವರಿಗೆ, ಕನ್ನಡ ಬಲ್ಲರು ಎಂಬ ಕಾರಣಕ್ಕೇ ಸಿಗುವ ಕೆಲಸ ಎಷ್ಟು? ಇಲ್ಲಿ ನೆಲ, ರಿಯಾಯಿತಿ, ಸಹಾಯಧನ ಪಡೆದು ಮಾಡಿದ ಆಟದಲ್ಲಿ ಕನ್ನಡ ಕಡ್ಡಾಯ ಎಂಬ ಒಂದು ಸಾಲು ಬರೆಯುವುದಕ್ಕೆ ಯಾವ ಸಚಿವರ ಕೈ ನೋಯುತ್ತದೆ? ಹಾಗೆ ಬರೆದರೆ ಅನುವಾದಕ್ಕೆ ಹುಡುಗಿಯರು ಬೇಕಾಗುತ್ತಾರೆ, ದನಿಗೆ ರಂಗಭೂಮಿಯವರು ಬೇಕಾಗುತ್ತಾರೆ, ಕನ್ನಡ ಎಂ.ಎ. ಮಾಡಿ ಮನೆಯಲ್ಲಿ ಕೂತವರಿಗೂ ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ ಒಂದು ಕುರ್ಚಿ ಸಿಗುತ್ತದೆ. ಮಹಿಷಿ ವರದಿಯನ್ನು ಬರೀ ಭಾಷಣದಲ್ಲಿ ನೆನೆಯುವವರು ಇದನ್ನು ಯೋಚಿಸಲಿ.

ಕಾಯಿದೆ ಇಲ್ಲ ಎನ್ನುವಂತಿಲ್ಲ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ಇದೆ. ಕರ್ನಾಟಕದಲ್ಲಿ ತಯಾರಾಗುವ ಸರಕಿನ ಮೇಲೆ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕು ಎಂದು ಅದು ಹೇಳುತ್ತದೆ. 2025ರ ಫೆಬ್ರವರಿಯಲ್ಲಿ ಸರ್ಕಾರ ಇದನ್ನು ಮತ್ತೆ ನೆನಪಿಸಿ ಆದೇಶವನ್ನೂ ಹೊರಡಿಸಿತು. ಸೋಪಿನ ಮೇಲೆ ಕನ್ನಡ ಬರಬೇಕು, ಬಿಸ್ಕತ್ತಿನ ಪೊಟ್ಟಣದ ಮೇಲೆ ಕನ್ನಡ ಬರಬೇಕು. ಬೆಂಗಳೂರಿನಲ್ಲಿ ತಯಾರಾಗಿ ಮಗುವಿನ ಕೈಗೆ ದಿನಕ್ಕೆ ಮೂರು ಗಂಟೆ ಸಿಗುವ ಆಟ ಸರಕು ಹೌದೋ ಅಲ್ಲವೋ? ಕನ್ನಡ ಅಭಿವೃದ್ಧಿ ಪ್ರಾಧಿಕಾರ ಈ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಕೊಡಬೇಕು. ಅಲ್ಲ ಎಂದರೆ ಅಧಿನಿಯಮಕ್ಕೆ ತಿದ್ದುಪಡಿ ಕೇಳೋಣ. ನಾಮಫಲಕದ ಶೇಕಡ 60ಕ್ಕೆ 2024ರಲ್ಲಿ ತಿದ್ದುಪಡಿ ಮಾಡಿದವರಿಗೆ ಇದು ದೊಡ್ಡ ಕೆಲಸವೇನಲ್ಲ.

ಸರ್ಕಾರದ ಕಡತ ಏಳುವವರೆಗೆ ನಾವು ಏನು ಮಾಡುವುದು? ಇವತ್ತು ಸಂಜೆ ನಿಮ್ಮ ಮನೆಯ ಹುಡುಗನ ಪಕ್ಕ ಕೂತು ಅವನ ಮೊಬೈಲಿನಲ್ಲಿರುವ ಆಟಗಳ ಸೆಟ್ಟಿಂಗ್ ತೆರೆಸಿ. ಭಾಷೆಯ ಪಟ್ಟಿ ನೋಡಿ. ಎಷ್ಟು ಆಟದಲ್ಲಿ ಹಿಂದಿ ಇದೆ, ಎಷ್ಟರಲ್ಲಿ ಕನ್ನಡ ಇದೆ, ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕನ್ನಡ ಇಲ್ಲದ ಆಟದ ಅಂಗಡಿ ಪುಟಕ್ಕೆ ಹೋಗಿ ಕನ್ನಡದಲ್ಲೇ ಬರೆಯಿರಿ. ಬೈಗುಳ ಬೇಡ. ಅಮ್ಮ ಅಕ್ಕ ಎಂದು ಬೈದ ಬರಹವನ್ನು ಅವರು ಅಳಿಸಿಹಾಕುತ್ತಾರೆ, ಕನ್ನಡದ ಮರ್ಯಾದೆಯೂ ಹೋಗುತ್ತದೆ. ಏನು ಬೇಕು ಎಂದು ಬಿಡಿಸಿ ಹೇಳಿ: ಪರದೆಯ ಮಾತು ಕನ್ನಡದಲ್ಲಿ, ಹಣದ ಎಚ್ಚರಿಕೆ ಕನ್ನಡದಲ್ಲಿ, ಜೊತೆಗಾರರನ್ನು ಹುಡುಕುವಾಗ ಆರಿಸಿಕೊಳ್ಳಲು ಕನ್ನಡ. ಪ್ರತಿ ಸಲ ಹೊಸ ಆವೃತ್ತಿ ಬಂದಾಗಲೂ ಬರೆಯಿರಿ. ಕಂಪನಿಗಳು ಆಟಗಾರರ ಮಾತನ್ನು ಕಿವಿಗೊಟ್ಟು ಕೇಳುವುದು ಹೊಸ ಆವೃತ್ತಿಯ ಮೊದಲ ವಾರ. ಬಿಡುಗಡೆ ಮುಂದೆ ಹೋಗಿದೆ ಎಂದು ಪ್ರಕಟಣೆ ಬಂದರಂತೂ ಅದಕ್ಕಿಂತ ಒಳ್ಳೆಯ ಹೊತ್ತು ಬೇರೆ ಇಲ್ಲ. ಇನ್ನೂ ಕೆಲಸ ಮುಗಿದಿಲ್ಲ, ಸೇರಿಸಲು ಜಾಗವಿದೆ ಎಂದು ಅವರೇ ಒಪ್ಪಿಕೊಂಡ ಗಳಿಗೆ ಅದು.

ಕನ್ನಡದಲ್ಲಿ ಆಟ ತೋರಿಸಿ ಮಾತಾಡುವ ಹುಡುಗರು ಯೂಟ್ಯೂಬಿನಲ್ಲಿದ್ದಾರೆ. ಅವರನ್ನು ಪೋಕರಿಗಳೆಂದು ದೂರ ಇಡಬೇಡಿ. ಆಟದ ಮಾತಿಗೆ ಕನ್ನಡ ಹುಟ್ಟಿಸುತ್ತಿರುವವರು ಅವರು, ಯಾವ ಪರಿಭಾಷಾ ಸಮಿತಿಯೂ ಅಲ್ಲ. ನಿಮ್ಮ ತಾಲ್ಲೂಕಿನ ರಾಜ್ಯೋತ್ಸವದ ವೇದಿಕೆಗೆ ಅಂಥ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕರೆದು ಹತ್ತು ನಿಮಿಷ ಮಾತಾಡಲು ಬಿಡಿ.

ಎಣಿಸಿದ ಚೀಟಿಯನ್ನು ಊರಿನ ಹೆಸರು ಬರೆದು ಈ ಪತ್ರಿಕೆ ಹಂಚುವ ಕಾರ್ಯಕರ್ತರ ಕೈಗೆ ಕೊಡಿ. ಎಲ್ಲವನ್ನೂ ಒಟ್ಟು ಮಾಡಿ ಪ್ರಾಧಿಕಾರಕ್ಕೆ ಒಂದು ಪ್ರತಿ, ಆಟದ ಕಂಪನಿಗಳಿಗೆ ಒಂದು ಪ್ರತಿ ಕಳಿಸುತ್ತೇವೆ. ಉತ್ತರ ಬಂದರೆ ಅಚ್ಚು ಹಾಕುತ್ತೇವೆ. ಬಾರದಿದ್ದರೆ, ಉತ್ತರ ಕೊಡದವರ ಹೆಸರನ್ನು ಅಚ್ಚು ಹಾಕುತ್ತೇವೆ.